ಮೂರನೇ ಮೊಬೈಲ್ ಓಎಸ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ‘ಆಪ್ ಇರಲಿಲ್ಲ’ ಅನ್ನುವುದರ ಆಚೆಗಿನ ಕಾರಣಗಳು

ತುಂಗಾತೀರ

ಓಎಸ್ ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ. ಆಂಡ್ರಾಯ್ಡ್ ಮತ್ತು ಐಫೋನಿನ ಐಓಎಸ್ ಬಿಟ್ಟು ಮೂರನೆಯದಾಗಲು ಹೊರಟವು ಹಲವು: ವೆಬ್‌ಓಎಸ್, ವಿಂಡೋಸ್ ಫೋನ್, ಬ್ಲ್ಯಾಕ್‌ಬೆರಿ 10, ಫೈರ್‌ಫಾಕ್ಸ್ ಓಎಸ್, ಟೈಝೆನ್. ಇವುಗಳ ಬೆನ್ನಿಗೆ ನಿಂತವರು ಸಣ್ಣಪುಟ್ಟವರಲ್ಲ. ಆದರೂ ಐದೂ ಫೋನ್ ಮಾರುಕಟ್ಟೆಯಿಂದ ಮರೆಯಾದವು. ಯಾಕೆ ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ‘ಆಪ್ ಇರಲಿಲ್ಲ’.

ಇದು ಸುಳ್ಳಲ್ಲ, ಆದರೆ ಸಾಲದು. ಆಂಡ್ರಾಯ್ಡ್‌ನ ಮೂಲ ಕೋಡ್ (ಎಒಎಸ್‌ಪಿ) ಬಹುಪಾಲು ಅಪಾಚೆ 2.0 ಪರವಾನಗಿಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಅದನ್ನೇ ಎತ್ತಿಕೊಂಡು ಓಎಸ್ ಕಟ್ಟಿದರೆ ಆಂಡ್ರಾಯ್ಡ್ ಆಪ್‌ಗಳೂ ಓಡಬೇಕು. ಹಾಗೆ ಹೊರಟ ಅಮೆಜಾನ್ 2014ರಲ್ಲಿ ಫೈರ್ ಫೋನ್ ತಂದು, ಅದೇ ವರ್ಷ ಸುಮಾರು 17 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. ಅಂದರೆ ತೊಡಕು ಬೇರೆ ಪದರದಲ್ಲೂ ಇದೆ. ಅದು ಯಾವ ಪದರ? ಚಿಪ್ ಡ್ರೈವರೇ, ಗೂಗಲ್ ಸೇವೆಗಳೇ, ಒಪ್ಪಂದಗಳೇ? ಬಲ್ಲವರು ಬಿಡಿಸಿ ಬರೆಯಿರಿ. ಆಪಲ್ ದೊಡ್ಡದೋ ಆಂಡ್ರಾಯ್ಡ್ ದೊಡ್ಡದೋ ಎಂಬ ಜಗಳ ಇಲ್ಲಿ ಬೇಡ.

ಹಳೆಬೇರು

ವಿಂಡೋಸ್ ಫೋನಿನಿಂದ ಶುರು ಮಾಡೋಣ. ಅದರ ಸೋಲಿನಲ್ಲಿ ಮೈಕ್ರೋಸಾಫ್ಟ್‌ನ ಸ್ವಂತ ಕೈವಾಡವೇ ಜಾಸ್ತಿ.

ಆಪ್ ಬರೆಯುವವರನ್ನು ಅದು ಮತ್ತೆ ಮತ್ತೆ ಮೊದಲಿನಿಂದ ಶುರು ಮಾಡಿಸಿತು. 2010ರ ವಿಂಡೋಸ್ ಫೋನ್ 7 ನಿಂತಿದ್ದು ವಿಂಡೋಸ್ ಸಿಇ ಕರ್ನಲ್ (ಓಎಸ್‌ನ ತಿರುಳು) ಮೇಲೆ. ಆಪ್ ಬರೆಯಬೇಕಿದ್ದುದು ಸಿಲ್ವರ್‌ಲೈಟ್‌ನಲ್ಲಿ, ಗೇಮ್ ಆದರೆ ಎಕ್ಸ್‌ಎನ್‌ಎಯಲ್ಲಿ. 2012ರಲ್ಲಿ ವಿಂಡೋಸ್ ಫೋನ್ 8 ಬಂತು, ಕರ್ನಲ್ ಎನ್‌ಟಿಗೆ ಬದಲಾಯಿತು. ಆಪ್ ಬರೆಯುವ ಚೌಕಟ್ಟು 8.1ರಲ್ಲಿ ವಿನ್‌ಆರ್‌ಟಿ, ವಿಂಡೋಸ್ 10 ಮೊಬೈಲ್‌ನಲ್ಲಿ ಯುಡಬ್ಲ್ಯೂಪಿ. ಹಳೆಯ ಆಪ್ ಹೊಸದರಲ್ಲಿ ಓಡುತ್ತಿತ್ತು, ನಿಜ. ಆದರೆ ಹೊಸ ಸೌಲಭ್ಯ ಬೇಕೆಂದರೆ ಮತ್ತೆ ಬರೆಯಬೇಕು. ಬಳಕೆದಾರರು ಕೆಲವೇ ಜನ ಇರುವ ವೇದಿಕೆಗೆ ಒಂದೇ ಆಪನ್ನು ಎಷ್ಟು ಸಲ ಬರೆಯಲು ಯಾವ ಕಂಪನಿ ಒಪ್ಪುತ್ತದೆ?

ಕೊಂಡವರಿಗೂ ಪೆಟ್ಟು ಬಿತ್ತು. ನೋಕಿಯಾದ ವಿಂಡೋಸ್ ಫೋನ್ ಲೂಮಿಯಾ 900 ಅಮೆರಿಕದ ಅಂಗಡಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಅದೇ ಜೂನ್‌ನಲ್ಲಿ ವಿಂಡೋಸ್ ಫೋನ್ 8 ಘೋಷಣೆಯಾಯಿತು, ಜೊತೆಗೆ ಹಳೆಯ ಫೋನ್‌ಗಳಿಗೆ ಅದು ಸಿಗುವುದಿಲ್ಲ ಅಂತಲೂ ಗೊತ್ತಾಯಿತು. ಸಮಾಧಾನಕ್ಕೆ 7.8 ಕೊಟ್ಟರು. ಮುಂದೆ ಅತಿ ಹೆಚ್ಚು ಮಾರಾಟವಾದ ಲೂಮಿಯಾ 520ಕ್ಕೂ ಇದೇ ಗತಿ. 512 ಎಂಬಿ ರ‍್ಯಾಮ್‌ನ ಆ ಫೋನಿಗೆ ವಿಂಡೋಸ್ 10 ಮೊಬೈಲ್ ಅಧಿಕೃತವಾಗಿ ಬರಲೇ ಇಲ್ಲ.

ಇನ್ನೊಂದು ಕಡೆ ಪರವಾನಗಿ ಶುಲ್ಕ. ಆಂಡ್ರಾಯ್ಡ್ ಪುಕ್ಕಟೆ ಸಿಗುವಾಗ ಮೈಕ್ರೋಸಾಫ್ಟ್ ಪ್ರತಿ ಫೋನಿಗೂ ಹಣ ಕೇಳುತ್ತಿತ್ತು. 9 ಇಂಚಿಗಿಂತ ಚಿಕ್ಕ ಪರದೆಯವಕ್ಕೆ ಶುಲ್ಕ ತೆಗೆದದ್ದು 2014ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ತಯಾರಕರೆಲ್ಲ ಆಂಡ್ರಾಯ್ಡ್ ಕಡೆ ವಾಲಿಯಾಗಿತ್ತು. 2015ರ ಜುಲೈನಲ್ಲಿ ನೋಕಿಯಾ ಫೋನ್ ವಿಭಾಗದ ಖರೀದಿಯ ಲೆಕ್ಕದಲ್ಲಿ 760 ಕೋಟಿ ಡಾಲರ್ ನಷ್ಟವೆಂದು ಬರೆದುಹಾಕಿದರು. ವಿಂಡೋಸ್ 10 ಮೊಬೈಲ್‌ಗೆ ಕೊನೆಯ ಭದ್ರತಾ ಅಪ್‌ಡೇಟ್ ಬಂದದ್ದು 2020ರ ಜನವರಿಯಲ್ಲಿ.

ಗೂಗಲ್ ಪಾತ್ರವೂ ಇದೆ. 2013ರಲ್ಲಿ ಮೈಕ್ರೋಸಾಫ್ಟ್ ತಾನೇ ಬರೆದ ಯೂಟ್ಯೂಬ್ ಆಪ್ ಜಾಹೀರಾತು ತೋರಿಸುತ್ತಿರಲಿಲ್ಲ, ವಿಡಿಯೋ ಇಳಿಸಿಕೊಳ್ಳಲು ಬಿಡುತ್ತಿತ್ತು. ಅದಕ್ಕೆ ಗೂಗಲ್ ತಕರಾರು ಎತ್ತಿದ್ದು ಸರಿಯೇ. ಆದರೆ ಅದನ್ನು ತಿದ್ದಿ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಮತ್ತೆ ತಂದಾಗಲೂ ಗೂಗಲ್ ತಡೆಯಿತು. ಆಪ್ ಪೂರ್ತಿ ಎಚ್‌ಟಿಎಂಎಲ್5ನಲ್ಲಿ (ವೆಬ್ ಪುಟ ಬರೆಯುವ ಭಾಷೆ) ಇರಬೇಕು ಎಂಬ ಷರತ್ತು ಹಾಕಿತು. ಗೂಗಲ್‌ನ ಸ್ವಂತ ಆಂಡ್ರಾಯ್ಡ್, ಐಫೋನ್ ಆಪ್‌ಗಳಿಗೆ ಆ ಷರತ್ತು ಇರಲಿಲ್ಲ.

ಕಡಲತಡಿ

ಹಾಗಾದರೆ ಬೇರೆ ಓಎಸ್ ಒಳಗೇ ಆಂಡ್ರಾಯ್ಡ್ ಆಪ್ ಓಡಿಸಿಬಿಟ್ಟರೆ ಆಯ್ತಲ್ಲ ಮಾರಾಯ್ರೇ? ಬ್ಲ್ಯಾಕ್‌ಬೆರಿ 10 ಅದನ್ನೇ ಮಾಡಿತ್ತು. ಸೈಲ್‌ಫಿಶ್ ಎಂಬ ಓಎಸ್ ಈಗಲೂ ಮಾಡುತ್ತಿದೆ.

ಹಳೆಬೇರು

@ಕಡಲತಡಿ ಆ ದಾರಿಯಲ್ಲಿ ಒಂದು ಗುಂಡಿ ಇದೆ. ಆಂಡ್ರಾಯ್ಡ್ ಆಪ್ ಹೇಗೂ ಓಡುತ್ತದೆ ಅಂತ ಗೊತ್ತಾದ ಮೇಲೆ ನಿಮ್ಮ ಓಎಸ್‌ಗೆಂದೇ ಪ್ರತ್ಯೇಕವಾಗಿ ಬರೆಯುವ ಶ್ರಮ ಯಾರು ತೆಗೆದುಕೊಳ್ಳುತ್ತಾರೆ? 1992ರಲ್ಲಿ ಐಬಿಎಂನ ಓಎಸ್/2 2.0 ವಿಂಡೋಸ್ ಪ್ರೋಗ್ರಾಂಗಳನ್ನೂ ಓಡಿಸಿತು. ಫಲವಾಗಿ ಓಎಸ್/2ಗೆಂದು ಬರೆಯುವವರು ಕಡಿಮೆಯಾದರು. ಕ್ಯೂಎನ್‌ಎಕ್ಸ್ ಎಂಬ ಓಎಸ್ ಮೇಲೆ ಕಟ್ಟಿದ ಬ್ಲ್ಯಾಕ್‌ಬೆರಿ 10 ತಾಂತ್ರಿಕವಾಗಿ ಗಟ್ಟಿಯಾಗಿತ್ತು. ಆದರೆ ಅದರ ಆಂಡ್ರಾಯ್ಡ್ ರನ್‌ಟೈಮ್ (ಆಪ್ ಓಡಿಸುವ ಭಾಗ) ಸದಾ ಒಂದೆರಡು ಆವೃತ್ತಿ ಹಿಂದೆ, ಜೊತೆಗೆ ಗೂಗಲ್ ಸೇವೆಗಳೂ ಇಲ್ಲ. ಆಪ್ ತೆರೆಯುತ್ತಿತ್ತು, ಆದರೆ ಮ್ಯಾಪ್ ಬೇಕಾದ ಕಡೆ ಖಾಲಿ, ನೋಟಿಫಿಕೇಶನ್ ಬೇಕಾದ ಕಡೆ ಮೌನ. ಮೈಕ್ರೋಸಾಫ್ಟ್ ಕೂಡ ‘ಆಸ್ಟೋರಿಯಾ’ ಹೆಸರಿನಲ್ಲಿ ಇದೇ ಪ್ರಯತ್ನಕ್ಕೆ ಕೈಹಾಕಿ 2016ರಲ್ಲಿ ಕೈಬಿಟ್ಟಿತು.

ಸಹ್ಯಾದ್ರಿ

ಆ ಖಾಲಿ ಮ್ಯಾಪ್ ಮತ್ತು ಮೌನದ ಬಗ್ಗೆಯೇ ಬರೆಯುತ್ತೇನೆ. ನಿಜವಾದ ಗಂಟು ಇರುವುದು ಅಲ್ಲೇ.

ಎಒಎಸ್‌ಪಿ ಅಂದರೆ ಜನ ಆಂಡ್ರಾಯ್ಡ್ ಅಂದುಕೊಂಡಿರುವುದರ ಕೆಳಗಿನ ಅರ್ಧ ಮಾತ್ರ. ಮೇಲಿನ ಅರ್ಧ ಗೂಗಲ್ ಪ್ಲೇ ಸರ್ವೀಸಸ್, ಅದು ಮುಚ್ಚಿದ ಕೋಡ್. ಎರಡರ ನಡುವಿನ ಗೆರೆ ವರ್ಷ ವರ್ಷ ಕೆಳಗೆ ಸರಿಯುತ್ತಿದೆ. ಮುಖ್ಯವಾಗಿ ಮೂರು ಕಡೆ ಇದು ತಾಕುತ್ತದೆ.

ಪುಶ್: ನೋಟಿಫಿಕೇಶನ್ ತಲುಪಿಸಲು ಬಹುಪಾಲು ಆಪ್‌ಗಳು ಗೂಗಲ್‌ನ ಎಫ್‌ಸಿಎಂ ಸೇವೆ ಬಳಸುತ್ತವೆ. ಫೋನಿನಲ್ಲಿ ಪ್ಲೇ ಸರ್ವೀಸಸ್ ಒಂದೇ ಒಂದು ಟಿಸಿಪಿ ಸಂಪರ್ಕವನ್ನು (ಪೋರ್ಟ್ 5228ರಿಂದ 5230) ಗೂಗಲ್ ಸರ್ವರ್‌ಗೆ ಸದಾ ತೆರೆದಿಟ್ಟಿರುತ್ತದೆ. ಎಲ್ಲ ಆಪ್‌ಗಳ ಸಂದೇಶವೂ ಅದೇ ದಾರಿಯಲ್ಲಿ ಬರುತ್ತದೆ. ಅದನ್ನು ತೆಗೆದರೆ ಪ್ರತಿ ಆಪ್ ತನ್ನದೇ ಸಂಪರ್ಕ ಇಟ್ಟುಕೊಳ್ಳಬೇಕು. ಆಂಡ್ರಾಯ್ಡ್ 6.0ರಿಂದ ಬಂದಿರುವ, ಬ್ಯಾಟರಿ ಉಳಿಸುವ ಡೋಝ್ ಅದಕ್ಕೆ ಬಿಡುವುದಿಲ್ಲ. ಪರದೆ ಆರಿ ಫೋನ್ ಅಲುಗಾಡದೆ ಬಿದ್ದಿದ್ದರೆ ನೆಟ್‌ವರ್ಕ್ ಕಡಿಯುತ್ತದೆ. ಬ್ಯಾಟರಿ ಆಪ್ಟಿಮೈಸೇಶನ್‌ನಿಂದ ಆಪ್‌ಗೆ ವಿನಾಯಿತಿ ಕೊಟ್ಟರೆ ಸಂದೇಶ ಬರುತ್ತದೆ, ಆದರೆ ಹತ್ತು ಆಪ್‌ಗೆ ಕೊಟ್ಟರೆ ಬ್ಯಾಟರಿ ಸಂಜೆಗೆ ಮುಗಿಯುತ್ತದೆ. ಮೈಕ್ರೋಜಿ (ಪ್ಲೇ ಸರ್ವೀಸಸ್‌ಗೆ ಮುಕ್ತ ಕೋಡ್‌ನ ಬದಲಿ) ಹಾಕಿದರೆ ಪುಶ್ ಸರಿಹೋಗುತ್ತದೆ, ಆದರೆ ಸರ್ವರ್ ಮತ್ತೆ ಗೂಗಲ್‌ನದೇ. ಯೂನಿಫೈಡ್‌ಪುಶ್ ಎಂಬ ಇನ್ನೊಂದು ವ್ಯವಸ್ಥೆ ಪೂರ್ತಿ ಸ್ವತಂತ್ರ, ಆದರೆ ಅದನ್ನು ಬಳಸುವ ಆಪ್‌ಗಳು ಕಡಿಮೆ.

ಸ್ಥಳ: ‘ಫ್ಯೂಸ್ಡ್ ಲೊಕೇಶನ್’ ಸೇವೆಯಲ್ಲಿ ವೈಫೈ ಮತ್ತು ಟವರ್ ಮಾಹಿತಿಯಿಂದ ಜಾಗ ಗುರುತಿಸುವ ಭಾಗ ಗೂಗಲ್‌ನದು. ಅದಿಲ್ಲದ ಫೋನ್ ಬರೀ ಜಿಪಿಎಸ್ ನಂಬಿಕೊಳ್ಳಬೇಕು. ಬಯಲಲ್ಲಿ ತೊಂದರೆ ಇಲ್ಲ, ಮನೆಯೊಳಗೆ ಕೂತು ಆಟೋ ಬುಕ್ ಮಾಡಲು ಹೋದರೆ ಜಾಗ ಸಿಗುವುದೇ ಇಲ್ಲ.

ಮೂರನೆಯದು ಪ್ಲೇ ಇಂಟೆಗ್ರಿಟಿ. ಬ್ಯಾಂಕ್, ಪಾವತಿ ಆಪ್‌ಗಳು ‘ಈ ಫೋನ್ ನಂಬಿಕೆಗೆ ಅರ್ಹವೇ’ ಅಂತ ಗೂಗಲ್‌ನ್ನು ಕೇಳುತ್ತವೆ. ಉತ್ತರ ಬೇಸಿಕ್, ಡಿವೈಸ್, ಸ್ಟ್ರಾಂಗ್ ಎಂಬ ಹಂತಗಳಲ್ಲಿ ಬರುತ್ತದೆ. ಗೂಗಲ್ ಪ್ರಮಾಣಪತ್ರ ಪಡೆಯದ ಓಎಸ್‌ಗೆ ‘ಡಿವೈಸ್’ ಸಿಗುವುದಿಲ್ಲ. ಹೊಸ ಓಎಸ್ ಎಷ್ಟೇ ಭದ್ರವಾಗಿರಲಿ, ತೀರ್ಪು ಕೊಡುವವನು ಮಾರುಕಟ್ಟೆಯಲ್ಲಿ ಅದರ ಎದುರಾಳಿ.

ಹುವಾವೇ ಇದಕ್ಕೆ ಎರಡೂ ಬದಿಯ ಉದಾಹರಣೆ. 2019ರ ಮೇನಲ್ಲಿ ಅಮೆರಿಕದ ನಿರ್ಬಂಧ ಪಟ್ಟಿಗೆ ಸೇರಿತು. ಸೆಪ್ಟೆಂಬರ್‌ನ ಮೇಟ್ 30ರಲ್ಲಿ ಗೂಗಲ್ ಸೇವೆ ಇರಲಿಲ್ಲ. ಯುರೋಪಿನಲ್ಲಿ ಅದರ ಫೋನ್ ವ್ಯಾಪಾರ ಕುಸಿಯಿತು, ಚೀನಾದಲ್ಲಿ ತಡೆದುಕೊಂಡಿತು. ಚೀನಾದ ಫೋನ್‌ಗಳಲ್ಲಿ ಗೂಗಲ್ ಸೇವೆ ಮೊದಲಿಂದಲೂ ಇರಲಿಲ್ಲ, ಆಪ್ ಅಂಗಡಿ, ಪುಶ್, ನಕ್ಷೆ ಎಲ್ಲಕ್ಕೂ ಸ್ಥಳೀಯ ವ್ಯವಸ್ಥೆ ಇತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ಅದರ ಹಾರ್ಮನಿಓಎಸ್ ನೆಕ್ಸ್ಟ್ ಎಒಎಸ್‌ಪಿಯನ್ನೇ ಕಿತ್ತುಹಾಕಿದೆ. ಎಪಿಕೆ (ಆಂಡ್ರಾಯ್ಡ್ ಆಪ್‌ನ ಕಡತ) ನೇರವಾಗಿ ಓಡುವುದಿಲ್ಲ, ಆಪನ್ನು ಆರ್ಕ್‌ಟಿಎಸ್ ಎಂಬ ಭಾಷೆಯಲ್ಲಿ ಹೊಸದಾಗಿ ಬರೆಯಬೇಕು. ಹಳೆಬೇರು ಹೇಳಿದ ಗುಂಡಿಯನ್ನು ತಪ್ಪಿಸಿಕೊಳ್ಳುವ ನಿರ್ಧಾರ ಇದು. ನನ್ನ ದೃಷ್ಟಿಯಲ್ಲಿ ಈ ಹದಿನೈದು ವರ್ಷಗಳಲ್ಲಿ ಮೂರನೇ ವೇದಿಕೆಗೆ ನಡೆದ ಅತ್ಯಂತ ಗಂಭೀರ ಪ್ರಯತ್ನ.

ನ್ಯಾಯಸೂಚಿ

ತಂತ್ರಜ್ಞಾನದಷ್ಟೇ ಗಟ್ಟಿ ಬೇಲಿ ಒಪ್ಪಂದಗಳದ್ದು. ಪ್ಲೇ ಸ್ಟೋರ್ ಬೇಕಾದ ತಯಾರಕ ಗೂಗಲ್ ಜೊತೆ ಎಂಎಡಿಎ ಎಂಬ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಪ್ಲೇ ಸ್ಟೋರ್ ಒಂದನ್ನೇ ಕೊಡುತ್ತಿರಲಿಲ್ಲ. ಸರ್ಚ್, ಕ್ರೋಮ್, ಯೂಟ್ಯೂಬ್ ಸಮೇತ ಇಡೀ ಗೊಂಚಲು ಹಾಕಬೇಕು, ಸರ್ಚ್ ಪಟ್ಟಿ ಹೋಮ್ ಸ್ಕ್ರೀನ್ ಮೇಲೇ ಇರಬೇಕು. ಜೊತೆಗೆ ಎಎಫ್‌ಎ, ಅಂದರೆ ಆಂಡ್ರಾಯ್ಡ್ ಒಡೆಯದಂತೆ ತಡೆಯುವ ಒಪ್ಪಂದ. ಗೂಗಲ್ ಒಪ್ಪದ ಆಂಡ್ರಾಯ್ಡ್ ಕವಲಿನ ಒಂದೇ ಒಂದು ಮಾದರಿ ಮಾರಿದರೂ ಉಳಿದೆಲ್ಲ ಮಾದರಿಗಳ ಪ್ಲೇ ಸ್ಟೋರ್‌ಗೆ ಕುತ್ತು. 2012ರ ಸೆಪ್ಟೆಂಬರ್‌ನಲ್ಲಿ ಏಸರ್ ಕಂಪನಿ ಅಲಿಬಾಬಾದ ಅಲಿಯುನ್ ಓಎಸ್ ಫೋನ್ ಬಿಡುಗಡೆಯನ್ನು ಕೊನೆ ಗಳಿಗೆಯಲ್ಲಿ ರದ್ದು ಮಾಡಿದ್ದು ಇದೇ ಒತ್ತಡಕ್ಕೆ.

ಇದಕ್ಕೆ ಯುರೋಪಿಯನ್ ಆಯೋಗ 2018ರ ಜುಲೈನಲ್ಲಿ ಗೂಗಲ್‌ಗೆ 434 ಕೋಟಿ ಯೂರೋ ದಂಡ ಹಾಕಿತು, 2022ರಲ್ಲಿ ಅಲ್ಲಿನ ಜನರಲ್ ಕೋರ್ಟ್ ಅದನ್ನು 412.5 ಕೋಟಿಗೆ ಇಳಿಸಿತು. ನಮ್ಮ ಸ್ಪರ್ಧಾ ಆಯೋಗ (ಸಿಸಿಐ) 2022ರ ಅಕ್ಟೋಬರ್ 20ರಂದು ₹1,337.76 ಕೋಟಿ ದಂಡ ವಿಧಿಸಿತು. ದಂಡಕ್ಕಿಂತ ಅದರ ನಿರ್ದೇಶನಗಳು ಮುಖ್ಯ. 2023ರ ಜನವರಿಯಲ್ಲಿ ಗೂಗಲ್ ಭಾರತದಲ್ಲಿ ತನ್ನ ಆಪ್‌ಗಳನ್ನು ಬಿಡಿಬಿಡಿಯಾಗಿ ಕೊಡಲು, ಸರ್ಚ್ ಇಂಜಿನ್ ಆಯ್ಕೆಯ ಪರದೆ ತೋರಿಸಲು ಒಪ್ಪಿತು.

ಆದರೆ 2023ರ ಮಾರ್ಚ್ 29ರಂದು ಎನ್‌ಸಿಎಲ್‌ಎಟಿ (ಮೇಲ್ಮನವಿ ನ್ಯಾಯಮಂಡಳಿ) ದಂಡ ಎತ್ತಿಹಿಡಿದು, ನಾಲ್ಕು ನಿರ್ದೇಶನಗಳನ್ನು ತೆಗೆದುಹಾಕಿತು. ಅದರಲ್ಲಿ ಒಂದು, ಪ್ಲೇ ಸರ್ವೀಸಸ್‌ನ ಎಪಿಐಗಳನ್ನು (ಆಪ್‌ಗಳು ಆ ಸೇವೆಗಳನ್ನು ಬಳಸುವ ದಾರಿ) ಪ್ರತಿಸ್ಪರ್ಧಿಗಳಿಗೆ ನಿರಾಕರಿಸಬಾರದು ಎಂಬುದು. ಸಹ್ಯಾದ್ರಿ ಹೇಳಿದ ಗಂಟನ್ನು ಬಿಚ್ಚಬಹುದಾಗಿದ್ದ ಅಂಶ ಅದೇ. ಪ್ಲೇ ಸ್ಟೋರ್ ಒಳಗೆ ಬೇರೆ ಆಪ್ ಅಂಗಡಿಗೆ ಜಾಗ ಕೊಡಬೇಕೆಂಬುದೂ ಅದರ ಜೊತೆಗೇ ಹೋಯಿತು. ಬಿಡಿ ಪರವಾನಗಿ ಉಳಿದದ್ದು ಒಳ್ಳೆಯದೇ, ಆದರೆ ಹೊಸ ಓಎಸ್‌ಗೆ ಅದರಿಂದ ದೊಡ್ಡ ಉಪಯೋಗವಿಲ್ಲ.

ಬೀಗದಕೈ

ಪ್ಲೇ ಇಂಟೆಗ್ರಿಟಿ ಬಗ್ಗೆ ಒಂದು ಆಕ್ಷೇಪ. ಅದು ಬರೀ ವ್ಯಾಪಾರದ ಬೇಲಿ ಅನ್ನುವುದು ಸರಿಯಲ್ಲ. ರೂಟ್ ಆದ (ಓಎಸ್‌ನ ಪೂರ್ತಿ ಹಿಡಿತ ತೆರೆದ) ಫೋನಿನಲ್ಲಿ ಇನ್ನೊಂದು ಆಪ್ ಓಟಿಪಿ ಓದಬಹುದು, ಪರದೆ ಮೇಲೆ ನಕಲಿ ಪರದೆ ಹಾಸಬಹುದು. ಹಣ ಕಳೆದುಕೊಂಡ ಗ್ರಾಹಕನಿಗೆ ಉತ್ತರ ಕೊಡಬೇಕಾದ್ದು ಬ್ಯಾಂಕು. ಅದು ಏನನ್ನೂ ಪರೀಕ್ಷಿಸಬಾರದು ಅಂದರೆ ಹೇಗೆ?

ಸಹ್ಯಾದ್ರಿ

@ಬೀಗದಕೈ ಪರೀಕ್ಷೆ ಬೇಕೇ ಬೇಕು ಸರ್, ಆದರೆ ಅದು ಗೂಗಲ್ ಮೂಲಕವೇ ಆಗಬೇಕಾಗಿಲ್ಲ. ಆಂಡ್ರಾಯ್ಡ್‌ನಲ್ಲೇ ಹಾರ್ಡ್‌ವೇರ್ ಕೀ ಅಟೆಸ್ಟೇಶನ್ (ಫೋನಿನ ಸ್ಥಿತಿಗೆ ಚಿಪ್ ಕೊಡುವ ಪ್ರಮಾಣ) ಇದೆ. ಬ್ಯಾಂಕಿನ ಸರ್ವರ್ ಒಂದು ಹೊಸ ಚಾಲೆಂಜ್ ಸಂಖ್ಯೆ ಕಳಿಸುತ್ತದೆ. ಆಪ್ ಆ ಸಂಖ್ಯೆ ಸೇರಿಸಿ ಕೀಸ್ಟೋರ್‌ನಲ್ಲಿ ಕೀ ಹುಟ್ಟಿಸುತ್ತದೆ. ಫೋನಿನ ಭದ್ರ ಚಿಪ್ ಪ್ರಮಾಣಪತ್ರಗಳ ಸರಪಳಿ ಕೊಡುತ್ತದೆ, ಅದು ಸರ್ವರ್‌ಗೆ ಹೋಗುತ್ತದೆ. ಸರ್ವರ್ ಅಲ್ಲಿ ನೋಡಬೇಕಾದ್ದು: ಸರಪಳಿ ಸರಿಯಾದ ಮೂಲಕ್ಕೆ ಸೇರುತ್ತದೆಯೇ, ಬೂಟ್‌ಲೋಡರ್ (ಫೋನ್ ಆನ್ ಆದಾಗ ಓಎಸ್ ಎಬ್ಬಿಸುವ ತಂತ್ರಾಂಶ) ಬೀಗ ಹಾಕಿದೆಯೇ, ವೆರಿಫೈಡ್ ಬೂಟ್ ಕೀ (ಓಎಸ್ ಯಾರದೆಂದು ತೋರಿಸುವ ಕೀ) ಯಾವುದು, ಭದ್ರತಾ ಪ್ಯಾಚ್ ಯಾವ ತಿಂಗಳದ್ದು. ಎಒಎಸ್‌ಪಿ ಮೇಲೆ ಕಟ್ಟಿದ ಗ್ರಾಫೀನ್‌ಓಎಸ್ ತನ್ನ ವೆರಿಫೈಡ್ ಬೂಟ್ ಕೀಗಳ ಗುರುತನ್ನು ಬಹಿರಂಗವಾಗಿ ಪ್ರಕಟಿಸಿದೆ. ಅವನ್ನು ಪಟ್ಟಿಗೆ ಸೇರಿಸಿದರೆ ಸಾಕು.

ಈಗಿನ ವ್ಯವಸ್ಥೆಯ ವಿಚಿತ್ರ ನೋಡಿ. ವರ್ಷಗಟ್ಟಲೆ ಪ್ಯಾಚ್ ಕಾಣದ ಹಳೆಯ ಫೋನ್ ‘ಡಿವೈಸ್’ ಹಂತ ದಾಟಬಹುದು. ಬೂಟ್‌ಲೋಡರ್ ಬೀಗ ಹಾಕಿ ಹೊಸ ಪ್ಯಾಚ್ ಹಾಕಿಕೊಂಡ ಗ್ರಾಫೀನ್‌ಓಎಸ್ ದಾಟುವುದಿಲ್ಲ. ಭದ್ರತೆಯೇ ಮಾನದಂಡವಾಗಿದ್ದರೆ ಹೀಗಾಗಬಾರದಿತ್ತು.

ಬೀಗದಕೈ

ಪ್ಯಾಚ್ ತಿಂಗಳಿನ ಮಾತು ಒಪ್ಪಿದೆ. ಆದರೆ ಕೀಗಳ ಪಟ್ಟಿ ಯಾರು ಕಾಯ್ದುಕೊಳ್ಳಬೇಕು ಅನ್ನುವ ಪ್ರಶ್ನೆ ಉಳಿಯುತ್ತದೆ. ಪ್ರತಿ ಬ್ಯಾಂಕೂ ಪ್ರತ್ಯೇಕವಾಗಿ ಮಾಡುವ ಕೆಲಸ ಅಲ್ಲ ಅದು. ಭಾರತದ ಮಟ್ಟಿಗೆ ಯುಪಿಐ ನಡೆಸುವ ಎನ್‌ಪಿಸಿಐ ಥರದ ಒಂದು ಸಂಸ್ಥೆ ಒಂದೇ ಪಟ್ಟಿ ಇಟ್ಟರೆ ನಡೆದೀತು.

ಬಯಲುಸೀಮೆ

ಎಲ್ಲರೂ ಸೋತವರ ಬಗ್ಗೆಯೇ ಬರೆಯುತ್ತಿದ್ದೀರಿ. ಜಿಯೋಫೋನ್ ಯಾಕೆ ಯಾರಿಗೂ ನೆನಪಾಗಲಿಲ್ಲ? ಮೊಝಿಲ್ಲಾ ಬಿಟ್ಟ ಫೈರ್‌ಫಾಕ್ಸ್ ಓಎಸ್‌ನ ಕವಲೇ ಅದರೊಳಗಿನ ಕೈಓಎಸ್. 2014ರಲ್ಲಿ ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ ₹1,999ಕ್ಕೆ ಫೈರ್‌ಫಾಕ್ಸ್ ಓಎಸ್ ತಂದಿತ್ತು. 128 ಎಂಬಿ ರ‍್ಯಾಮ್, 2ಜಿ, ಟಚ್ ಪರದೆ. ಆ ರ‍್ಯಾಮ್‌ನಲ್ಲಿ ಎಚ್‌ಟಿಎಂಎಲ್ ಆಪ್‌ಗಳು ತೆವಳುತ್ತಿದ್ದವು. ಜೇಬಿಗೆ ಸ್ವಲ್ಪ ಹೆಚ್ಚು ಭಾರ ಅನಿಸಿದರೂ ಜನ ಅಗ್ಗದ ಆಂಡ್ರಾಯ್ಡನ್ನೇ ಕೊಂಡರು.

2017ರ ಜಿಯೋಫೋನ್ ಅದೇ ಕೋಡನ್ನು ಕೀಪ್ಯಾಡ್ ಫೋನಿಗೆ ಇಳಿಸಿತು. 512 ಎಂಬಿ ರ‍್ಯಾಮ್, 4 ಜಿಬಿ ಸಂಗ್ರಹ, 2.4 ಇಂಚು ಪರದೆ, 4ಜಿ ವೋಲ್ಟೆ (4ಜಿ ಜಾಲದ ಮೇಲೆಯೇ ಕರೆ), ₹1,500 ಮರುಪಾವತಿ ಠೇವಣಿ. ಅದರ ಸ್ಪರ್ಧೆ ಆಂಡ್ರಾಯ್ಡ್ ಜೊತೆಗೆ ಇರಲೇ ಇಲ್ಲ, ಬರೀ ಕರೆ ಮಾಡುವ ಕೀಪ್ಯಾಡ್ ಫೋನ್‌ಗಳ ಜೊತೆ ಇತ್ತು. ಅದಕ್ಕೇ ಗೆದ್ದಿತು. ಆಪ್ ಕೊರತೆಯ ವಿಷಯದಲ್ಲೂ ಪಾಠ ಇದೆ. ಅದಕ್ಕೆ ಸಾವಿರಾರು ಆಪ್ ಬೇಕಿರಲಿಲ್ಲ, 2018ರ ಸೆಪ್ಟೆಂಬರ್‌ನಲ್ಲಿ ಬಂದ ವಾಟ್ಸಾಪ್ ಒಂದೇ ದೊಡ್ಡ ಬಲ ಕೊಟ್ಟಿತು.

ತುಂಗಾತೀರ

ಆದರೆ ಮುಂದಿನ ಹೆಜ್ಜೆ ನೋಡಿ. 2021ರ ಜಿಯೋಫೋನ್ ನೆಕ್ಸ್ಟ್ ಬಂದದ್ದು ಗೂಗಲ್ ಜೊತೆಗೂಡಿ ಮಾಡಿದ ಪ್ರಗತಿ ಓಎಸ್‌ನಲ್ಲಿ, ಅಂದರೆ ಆಂಡ್ರಾಯ್ಡ್‌ನಲ್ಲಿ. ಟಚ್ ಪರದೆಗೆ ಬಂದ ಕೂಡಲೇ ಜಿಯೋ ಅಷ್ಟು ದೊಡ್ಡ ಕಂಪನಿಯೂ ಅತ್ತಲೇ ಹೋಯಿತು.

ಅಕ್ಷರಜೋಡಣೆ

ಕನ್ನಡದ ಕಡೆಯಿಂದ ಒಂದು ಮಾತು. ಹೊಸ ಓಎಸ್ ಕಟ್ಟುವವರು ಭಾಷೆಯ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆಂಡ್ರಾಯ್ಡ್ ಕೂಡ ಹಾಗೇ ಮಾಡಿತ್ತು. ಕನ್ನಡ, ತೆಲುಗು, ಮಲಯಾಳಂ ಬೆಂಬಲ ಬಂದದ್ದು 2012ರ ಆಂಡ್ರಾಯ್ಡ್ 4.1ರಲ್ಲಿ. ಅಲ್ಲಿಯವರೆಗೆ ಕನ್ನಡ ಓದಲು ಒಪೆರಾ ಮಿನಿಯ ವಿಳಾಸಪಟ್ಟಿಯಲ್ಲಿ ‘ಒಪೆರಾ:ಕಾನ್‌ಫಿಗ್’ ಟೈಪ್ ಮಾಡಿ, ಸಂಕೀರ್ಣ ಲಿಪಿಗೆ ಬಿಟ್‌ಮ್ಯಾಪ್ ಅಕ್ಷರ ಬಳಸುವ ಆಯ್ಕೆಯನ್ನು ‘ಯೆಸ್’ ಮಾಡಬೇಕಿತ್ತು. ಆಗ ಸರ್ವರ್ ಅಕ್ಷರಗಳನ್ನು ಚಿತ್ರವಾಗಿ ಕಳಿಸುತ್ತಿತ್ತು. ಐಫೋನಿನಲ್ಲಿ ಆಪಲ್‌ನದೇ ಕನ್ನಡ ಕೀಬೋರ್ಡ್ ಬಂದದ್ದು 2017ರ ಐಓಎಸ್ 11ರಲ್ಲಿ.

ಫಾಂಟ್ ಹಾಕಿದ ಮಾತ್ರಕ್ಕೆ ಕನ್ನಡ ಬರುವುದಿಲ್ಲ. ಅಕ್ಷರಗಳನ್ನು ಜೋಡಿಸುವ ಇಂಜಿನ್ ಬೇಕು, ಸಾಮಾನ್ಯವಾಗಿ ಹಾರ್ಫ್‌ಬಝ್. ಹೊಸ ಓಎಸ್ ಸಿಕ್ಕರೆ ಮೂರು ಪದ ಟೈಪ್ ಮಾಡಿ ನೋಡಿ: ಸೂರ್ಯ, ರಾಷ್ಟ್ರ, ರ‍್ಯಾಂಕ್. ‘ಸೂರ್ಯ’ದಲ್ಲಿ ಅರ್ಕಾವತ್ತು ‘ಯ’ದ ಬಲಕ್ಕೆ ಬರಬೇಕು. ‘ರಾಷ್ಟ್ರ’ದಲ್ಲಿ ಎರಡು ಒತ್ತುಗಳು ಒಂದರ ಮೇಲೊಂದು ಬೀಳದೆ ನಿಲ್ಲಬೇಕು. ‘ರ‍್ಯಾಂಕ್’ನಲ್ಲಿ ‘ರ’ ಆದಮೇಲೆ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಜೆ ಎಂಬ ಜೋಡಣೆ ಚಿಹ್ನೆ ಇರುತ್ತದೆ. ಅದನ್ನು ಕೀಬೋರ್ಡ್ ಕೊಡದಿದ್ದರೆ, ಅಥವಾ ಆಪ್ ನಡುವೆ ಅಳಿಸಿಹಾಕಿದರೆ, ಪದ ‘ರ್ಯಾಂಕ್’ ಆಗಿ ಅರ್ಕಾವತ್ತು ತೋರಿಸುತ್ತದೆ. ಹುಡುಕಾಟದಲ್ಲೂ ಎರಡೂ ಬೇರೆ ಬೇರೆ ಪದಗಳಾಗಿಬಿಡುತ್ತವೆ. ಸ್ವಂತವಾಗಿ ಜೋಡಣೆ ಇಂಜಿನ್ ಬರೆಯಲು ಹೊರಟವರು ಎಡವುವುದು ಇಲ್ಲೇ. ದಯವಿಟ್ಟು ಹಾರ್ಫ್‌ಬಝ್ ಬಳಸಿ.

ಕಡಲತಡಿ

ಬಾರ್‌ಓಎಸ್ ಏನಾಯ್ತು? ಮತ್ತೆ, ಇರುವ ಫೋನಿನಲ್ಲೇ ಶುದ್ಧ ಎಒಎಸ್‌ಪಿ ಹಾಕಿ ನೋಡಬೇಕೆಂದರೆ ದಾರಿ ಯಾವುದು? ಹೇಳಿ ಮಾರಾಯ್ರೇ.

ಕರ್ನಲ್‌ಕಟ್ಟೆ

ಬಾರ್‌ಓಎಸ್ 2023ರ ಜನವರಿಯಲ್ಲಿ ಪ್ರಕಟವಾಯಿತು. ಐಐಟಿ ಮದ್ರಾಸ್‌ನಲ್ಲಿ ಬೆಳೆದ ಸಂಸ್ಥೆಯದು, ಅಡಿಪಾಯ ಎಒಎಸ್‌ಪಿಯೇ. ಮೊದಲೇ ತುಂಬಿದ ಆಪ್‌ಗಳಿಲ್ಲ, ಸಂಸ್ಥೆಗಳು ತಮ್ಮದೇ ಆಪ್ ಅಂಗಡಿ ಇಟ್ಟುಕೊಳ್ಳಬಹುದು. ಗೌಪ್ಯತೆ ಬೇಕಾದ ಕಚೇರಿಗಳಿಗೆ ಹೊಂದುವ ವಿನ್ಯಾಸ. ಸಾಮಾನ್ಯ ಬಳಕೆಗೆ ತಂದರೆ ಮೇಲೆ ಹೇಳಿದ ತೊಡಕುಗಳೆಲ್ಲ ಅದಕ್ಕೂ ಅನ್ವಯ. ಜೊತೆಗೆ 2025ರ ಮಾರ್ಚ್‌ನಿಂದ ಗೂಗಲ್ ಆಂಡ್ರಾಯ್ಡ್ ಅಭಿವೃದ್ಧಿಯನ್ನು ಪೂರ್ತಿ ಒಳಗೇ ನಡೆಸುತ್ತಿದೆ, ಕೋಡ್ ಹೊರಗೆ ಬರುವುದು ಕೆಲಸ ಮುಗಿದ ಮೇಲೆ. ಜೂನ್‌ನಲ್ಲಿ ಆಂಡ್ರಾಯ್ಡ್ 16ರ ಕೋಡ್ ಬಂದಾಗ ಪಿಕ್ಸೆಲ್ ಫೋನ್‌ಗಳ ಡಿವೈಸ್ ಟ್ರೀ (ಆ ಫೋನಿಗೆ ಓಎಸ್ ಹೊಂದಿಸಲು ಬೇಕಾದ ಕಡತಗಳು) ಜೊತೆಗೆ ಬರಲಿಲ್ಲ. ಕವಲು ಓಎಸ್ ಮಾಡುವವರಿಗೆ ಅದು ದೊಡ್ಡ ಹೊಡೆತ.

ಎರಡನೇ ಪ್ರಶ್ನೆಗೆ ಜಿಎಸ್‌ಐ (ಹಲವು ಫೋನ್‌ಗಳಿಗೆ ಹೊಂದುವ ಸಾಮಾನ್ಯ ಎಒಎಸ್‌ಪಿ ಸಿಸ್ಟಂ ಕಡತ) ದಾರಿ. 2017ರ ಆಂಡ್ರಾಯ್ಡ್ 8.0ರಲ್ಲಿ ಬಂದ ಪ್ರಾಜೆಕ್ಟ್ ಟ್ರೆಬಲ್ ಚಿಪ್ ಕಂಪನಿಯ ಕೋಡನ್ನು ‘ವೆಂಡರ್’ ಎಂಬ ಪಾರ್ಟಿಶನ್‌ಗೆ (ಸಂಗ್ರಹದ ಪ್ರತ್ಯೇಕ ಭಾಗ) ಬೇರ್ಪಡಿಸಿತು. ಹಾಗಾಗಿ ‘ಸಿಸ್ಟಂ’ ಒಂದನ್ನೇ ಬದಲಿಸಬಹುದು.

ಮೊದಲು ಫೋನ್ ಜೋಡಿಸಿದ ಕಂಪ್ಯೂಟರ್‌ನಲ್ಲಿ ‘ಎಡಿಬಿ ಶೆಲ್ ಗೆಟ್‌ಪ್ರಾಪ್’ ಕೊಟ್ಟು ಟ್ರೆಬಲ್ ಎನೇಬಲ್ಡ್ ‘ಟ್ರೂ’ ಇದೆಯೇ, ಸಿಪಿಯು ಎಬಿಐ (ಪ್ರೊಸೆಸರ್ ಬಗೆ) ಯಾವುದು ನೋಡಿ. ಈಗಿನ ಫೋನ್‌ಗಳಲ್ಲಿ ಸಾಮಾನ್ಯವಾಗಿ ಆರ್ಮ್64. ಜಿಎಸ್‌ಐ ಆವೃತ್ತಿ ಫೋನಿನ ವೆಂಡರ್ ಆವೃತ್ತಿಗಿಂತ ಹಳೆಯದಾಗಿರಬಾರದು, ಹಳೆಯದಿದ್ದರೆ ಬೂಟ್ ಆಗುವುದಿಲ್ಲ. ಡೆವಲಪರ್ ಆಯ್ಕೆಯಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಮಾಡಿ ಬೂಟ್‌ಲೋಡರ್ ತೆರೆಯಿರಿ. ಈ ಹಂತದಲ್ಲಿ ಫೋನಿನ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ, ಬ್ಯಾಕಪ್ ಮೊದಲೇ ಆಗಿರಲಿ. ಕಂಪನಿಯ ಮೂಲ ಫರ್ಮ್‌ವೇರ್ ಕೂಡ ಕಂಪ್ಯೂಟರ್‌ನಲ್ಲಿ ಇರಲಿ, ವಾಪಸ್ ಬರಲು ಅದೊಂದೇ ದಾರಿ.

ಆಮೇಲೆ ವಿಬಿಮೆಟಾವನ್ನು (ಓಎಸ್ ಅಸಲಿಯೇ ಎಂದು ಪರೀಕ್ಷಿಸಲು ಬಳಸುವ ಪಾರ್ಟಿಶನ್) ವೆರಿಟಿ, ವೆರಿಫಿಕೇಶನ್ ಎರಡೂ ನಿಷ್ಕ್ರಿಯಗೊಳಿಸುವ ಆಯ್ಕೆಯೊಂದಿಗೆ ಫ್ಲ್ಯಾಶ್ ಮಾಡಿ. ಇದನ್ನು ಬಿಟ್ಟರೆ ಫೋನ್ ಬೂಟ್ ಲೂಪ್‌ಗೆ ಬೀಳಬಹುದು. ‘ಫಾಸ್ಟ್‌ಬೂಟ್ ರೀಬೂಟ್ ಫಾಸ್ಟ್‌ಬೂಟ್’ ಕೊಟ್ಟು ಫಾಸ್ಟ್‌ಬೂಟ್‌ಡಿಗೆ ಹೋಗಿ, ಸಿಸ್ಟಂ ಅಳಿಸಿ ಹೊಸದನ್ನು ಬರೆಯಿರಿ. ‘ಪಾರ್ಟಿಶನ್ ಹಿಗ್ಗಿಸಲು ಜಾಗವಿಲ್ಲ’ ಎಂಬ ದೋಷ ಬಂದರೆ, ಸಕ್ರಿಯ ಸ್ಲಾಟ್ ಎ ಅಥವಾ ಬಿ ಯಾವುದೆಂದು ನೋಡಿಕೊಂಡು ಆ ಸ್ಲಾಟ್‌ನ ‘ಪ್ರಾಡಕ್ಟ್’ ತಾರ್ಕಿಕ ಪಾರ್ಟಿಶನ್ ತೆಗೆದರೆ ಜಾಗ ಆಗುತ್ತದೆ. ಕೊನೆಗೆ ಉಳಿದ ಹಳೆಯ ಮಾಹಿತಿ ಅಳಿಸಲು ‘ಫಾಸ್ಟ್‌ಬೂಟ್ -ಡಬ್ಲ್ಯೂ’. ಜಿಎಸ್‌ಐ ಇರುವಾಗ ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕಲೇಬೇಡಿ, ಫೋನ್ ಬೂಟ್ ಆಗುವುದೇ ನಿಲ್ಲುತ್ತದೆ.

ಹಲವು ಫೋನ್‌ಗಳಲ್ಲಿ ವೈಡ್‌ವೈನ್ (ವಿಡಿಯೋ ನಕಲು ತಡೆಯುವ ವ್ಯವಸ್ಥೆ) ಎಲ್1ರಿಂದ ಎಲ್3ಕ್ಕೆ ಬೀಳುತ್ತದೆ, ಓಟಿಟಿ ಆಪ್‌ಗಳು ಎಚ್‌ಡಿ ತೋರಿಸುವುದಿಲ್ಲ. ಬ್ಯಾಂಕ್ ಆಪ್‌ಗಳ ಕತೆ ಆಗಲೇ ಚರ್ಚೆಯಾಗಿದೆ. ಹಾಗಾಗಿ ದಿನಬಳಕೆಯ ಫೋನಿನಲ್ಲಿ ಇದನ್ನು ಮಾಡಬೇಡಿ.

ಬಯಲುಸೀಮೆ

ಜಿಎಸ್‌ಐ ಹಾಕಿದ ಫೋನ್‌ಗಳಲ್ಲಿ ಜಿಯೋ ಸಿಮ್‌ಗೆ ಡೇಟಾ ಬರುತ್ತದೆ, ಕರೆ ಮಾತ್ರ ಹೋಗುವುದಿಲ್ಲ ಅನ್ನುತ್ತಾರೆ. ಅದು ಯಾಕೆ?

ಕರ್ನಲ್‌ಕಟ್ಟೆ

@ಬಯಲುಸೀಮೆ ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲ. ಬೇರೆ ಕಂಪನಿಯ ಸಿಮ್ ಆದರೆ ವೋಲ್ಟೆ ಕೈಕೊಟ್ಟಾಗ ಕರೆ 2ಜಿಗೆ ಇಳಿಯುತ್ತದೆ, ಜಿಯೋಗೆ ಇಳಿಯಲು ಜಾಗವಿಲ್ಲ. ವೋಲ್ಟೆಗೆ ಬೇಕಾದ ಐಎಂಎಸ್ ಸಾಫ್ಟ್‌ವೇರ್ ಎಒಎಸ್‌ಪಿಯಲ್ಲಿ ಬರುವುದಿಲ್ಲ. ಕ್ವಾಲ್‌ಕಾಮ್, ಮೀಡಿಯಾಟೆಕ್, ಸ್ಯಾಮ್‌ಸಂಗ್ ಒಬ್ಬೊಬ್ಬರದು ಒಂದೊಂದು, ಮುಚ್ಚಿದ ಕೋಡ್, ಅದೂ ಬಹುಮಟ್ಟಿಗೆ ನೀವು ಅಳಿಸಿದ ಸಿಸ್ಟಂ ಭಾಗದಲ್ಲೇ ಇರುತ್ತದೆ. ಉಬುಂಟು ಟಚ್, ಪೋಸ್ಟ್‌ಮಾರ್ಕೆಟ್‌ಓಎಸ್ ಥರದ ಲಿನಕ್ಸ್ ಓಎಸ್‌ಗಳಿಗೂ ಭಾರತದಲ್ಲಿ ಇದೇ ದೊಡ್ಡ ಅಡ್ಡಿ.

ಪರೀಕ್ಷಿಸಲು ಡಯಲರ್‌ನಲ್ಲಿ *#*#4636#*#* ಒತ್ತಿ, ಫೋನ್ ಮಾಹಿತಿಗೆ ಹೋಗಿ, ಮೇಲಿನ ಮೂರು ಚುಕ್ಕಿಯಲ್ಲಿ ಐಎಂಎಸ್ ಸೇವೆಯ ಸ್ಥಿತಿ ನೋಡಿ. ‘ನಾಟ್ ರಿಜಿಸ್ಟರ್ಡ್’ ಇದ್ದರೆ ಮೊದಲು ಎಪಿಎನ್ ಪಟ್ಟಿಯಲ್ಲಿ ‘ಐಎಂಎಸ್’ ಬಗೆಯದು ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಟ್ರೆಬಲ್ ಸೆಟ್ಟಿಂಗ್ಸ್ ಇರುವ ಜಿಎಸ್‌ಐ ಆದರೆ ಅದರ ಐಎಂಎಸ್ ವಿಭಾಗದಲ್ಲಿ ನಿಮ್ಮ ಚಿಪ್‌ಗೆ ಸರಿಯಾದ ಎಪಿಕೆ ಹಾಕಿ ರೀಬೂಟ್ ಮಾಡಿ. ಇಷ್ಟಾದರೂ ‘ರಿಜಿಸ್ಟರ್ಡ್’ ಬರದಿದ್ದರೆ ಆ ಫೋನಿಗೆ ಮೂಲ ಫರ್ಮ್‌ವೇರ್ ವಾಪಸ್ ಹಾಕುವುದೇ ಸರಿ. ಚಿಪ್ ಯಾವುದು, ವೆಂಡರ್ ಆವೃತ್ತಿ ಎಷ್ಟು ಅಂತ ಇಲ್ಲಿ ಹಾಕಿದರೆ ಯಾವ ಎಪಿಕೆ ಅಂತ ನೋಡಿ ಹೇಳುತ್ತೇನೆ.